ಒಂಬತ್ತನೆಯದೋ ಹತ್ತನೆಯದೋ: ಸಂಗ್ರಾಹಕರೊಡನೆ ಒಂದು ವಾದ

ಕಳೆದ ಮಳೆಗಾಲದಲ್ಲಿ ನಮ್ಮ ತರಗತಿಯ ವಿದ್ಯಾರ್ಥಿಗಳನ್ನು ಕರೆದುಕೊಂಡು ನಾರಾಯಣಪುರದ ಬಸವಸಾಗರವನ್ನು ನೋಡಲು ಹೋಗಿದ್ದೆವು. 1982ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಎದ್ದು ನಿಂತ ಈ ಅಣೆಕಟ್ಟಿಗೆ ಮೂವತ್ತು ದ್ವಾರಗಳಿವೆ. ಹೊಳೆ ತುಂಬಿ ಬಂದ ದಿನ ಅವುಗಳಲ್ಲಿ ಕೆಲವನ್ನು ತೆರೆದರೂ ಸಾಕು, ಪಕ್ಕದಲ್ಲಿ ನಿಂತವರ ಮಾತು ಕೇಳಿಸದಂಥ ಭೋರ್ಗರೆತ. ಮೇಲಿನಿಂದ ಬೀಳುವ ನೀರಿನ ಸ್ಥಿತಿಶಕ್ತಿ ಚಲನಶಕ್ತಿಯಾಗುವುದನ್ನೂ, ಆ ನೀರಿನ ದಾರಿಯಲ್ಲಿ ಒಂದು ಟರ್ಬೈನನ್ನು ಇಟ್ಟರೆ ವ್ಯರ್ಥವಾಗಿ ಹೋಗುವ ಶಕ್ತಿಯಿಂದ ಕೆಲಸ ತೆಗೆಯಬಹುದೆಂಬುದನ್ನೂ ನಾವು ಗಂಟಲೆತ್ತಿ ವಿವರಿಸುತ್ತಿದ್ದೆವು. ತರಗತಿಯಲ್ಲಿ ಎಂದೂ ಬಾಯಿ ತೆರೆಯದ ಒಬ್ಬ ಹುಡುಗನು ಆಗ ಮುಂದೆ ಬಂದು ಕೇಳಿದನು: “ಸರ್, ಟರ್ಬೊ ಕಾರ್ ಅಂದ್ರೂ ಇದೇ ಅಲ್ರೀ? ಹಂಗಾದ್ರ ಲ್ಯಾನ್ಸರ್ ಇವೊಲ್ಯೂಷನ್‌ದಾಗ ಒಂಬತ್ತನೇದು ಛಲೋನೋ, ಹತ್ತನೇದು ಛಲೋನೋ?”

ಉಳಿದವರು ನಕ್ಕರು. ನಾವು ನಗಲಿಲ್ಲ, ಏಕೆಂದರೆ ಪ್ರಶ್ನೆಯ ಮೊದಲ ಅರ್ಧ ಭೌತವಿಜ್ಞಾನವಾಗಿತ್ತು, ಎರಡನೆಯ ಅರ್ಧಕ್ಕೆ ನಮ್ಮ ಬಳಿ ಉತ್ತರವಿರಲಿಲ್ಲ. ಹುಡುಗನು ಆ ಕಾರನ್ನು ಕಣ್ಣಾರೆ ಕಂಡವನಲ್ಲ. ಮೊಬೈಲ್ ಫೋನಿನ ಆಟದಲ್ಲಿ ಮಾತ್ರ ಓಡಿಸಿದವನು. ನಮ್ಮ ರಸ್ತೆಗಳಲ್ಲಿ ಓಡುವುವು ಟಂಟಂ, ಟ್ರ್ಯಾಕ್ಟರು, ಭತ್ತದ ಲಾರಿ ಮತ್ತು ಸಾರಿಗೆ ಬಸ್ಸು. ಆದರೂ ಮನೆಗೆ ಬಂದ ಮೇಲೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಓದುತ್ತ ಹೋದಂತೆ, ಜಗತ್ತಿನ ಕಾರು ಸಂಗ್ರಾಹಕರೆಲ್ಲರೂ ಇದೇ ಪ್ರಶ್ನೆಯನ್ನು ಚರ್ಚಿಸುತ್ತಿರುವರೆಂದೂ, ಅವರಲ್ಲಿ ಬಹುಮಂದಿ ಕೊಟ್ಟುಕೊಂಡಿರುವ ಉತ್ತರವು ಅರ್ಧ ಮಾತ್ರ ಸರಿಯೆಂದೂ ನಮಗೆ ತೋರಿತು. ಆ ಇನ್ನರ್ಧವನ್ನು ಹೇಳುವುದಕ್ಕಾಗಿ ಈ ಲೇಖನ.

ಮೊದಲು ಕಾರಿನ ಪರಿಚಯ. ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆಯು ತಮಿಳುನಾಡಿನ ತಿರುವಳ್ಳೂರಿನಲ್ಲಿ 1998ರಿಂದ ತಯಾರಿಸುತ್ತಿದ್ದ ಲ್ಯಾನ್ಸರ್ ಕಾರನ್ನು ವಾಚಕರ ತಂದೆತಾಯಿಗಳು ನೋಡಿರಬಹುದು. ಅದು ಸಾಧು. ಅದರ ಉಗ್ರ ಸೋದರನೇ ಲ್ಯಾನ್ಸರ್ ಇವೊಲ್ಯೂಷನ್. ಮಿತ್ಸುಬಿಷಿ ಸಂಸ್ಥೆಯು ವಿಶ್ವ ರ‍್ಯಾಲಿ ಸ್ಪರ್ಧೆಗೆ ಇಳಿಯುವುದಕ್ಕಾಗಿ 1992ರಲ್ಲಿ ಇದನ್ನು ಹೊರತಂದಿತು. ಸ್ಪರ್ಧೆಯ ನಿಯಮದಂತೆ, ಓಡಿಸುವ ಕಾರಿನ ಮಾದರಿಯನ್ನು ಸಾವಿರಗಟ್ಟಲೆಯಲ್ಲಿ ತಯಾರಿಸಿ ಸಾಮಾನ್ಯ ಗಿರಾಕಿಗೂ ಮಾರಬೇಕಾಗಿತ್ತು. ಹೀಗಾಗಿ ನಾಲ್ಕು ಬಾಗಿಲಿನ, ಮನೆಮಂದಿ ಕುಳಿತು ಹೋಗಬಹುದಾದ ಒಂದು ಕಾರಿನೊಳಗೆ ಸ್ಪರ್ಧೆಯ ಇಂಜಿನು ಸೇರಿಕೊಂಡಿತು. ಫಿನ್ಲೆಂಡಿನ ಟಾಮಿ ಮಾಕಿನೆನ್ 1996ರಿಂದ 1999ರವರೆಗೆ ಸತತವಾಗಿ ನಾಲ್ಕು ಸಲ ವಿಶ್ವವಿಜೇತನಾದುದು ಈ ಕಾರಿನಲ್ಲಿಯೇ. ಒಂದಾದಮೇಲೊಂದು ಬಂದ ಆವೃತ್ತಿಗಳಲ್ಲಿ ಒಂಬತ್ತನೆಯದು 2005ರಲ್ಲಿಯೂ ಹತ್ತನೆಯದು 2007ರಲ್ಲಿಯೂ ಹೊರಬಂದುವು. ಹತ್ತನೆಯದೇ ಕೊನೆಯದು, 2016ರಲ್ಲಿ ಅದೂ ನಿಂತಿತು. ಭಾರತಕ್ಕೆ 2010ರ ಸುಮಾರಿಗೆ ಈ ಹತ್ತನೆಯದು ಕೆಲವೇ ಸಂಖ್ಯೆಯಲ್ಲಿ ಆಮದಾಯಿತು. ಅದಕ್ಕೂ ಹಿಂದಿನವನ್ನು ಈಗ ತರಿಸೋಣವೆಂದರೆ, ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಕೂಡದೆಂಬ ನಮ್ಮ ಆಮದು ನಿಯಮ ಅಡ್ಡ ಬರುತ್ತದೆ.

ಇನ್ನು ಹುಡುಗನ ಪ್ರಶ್ನೆಯ ಮೊದಲ ಅರ್ಧ. ಟರ್ಬೊ ಎಂದರೆ ಅಣೆಕಟ್ಟಿನ ಟರ್ಬೈನೇ ಅಲ್ಲವೆ ಎಂದು ಅವನು ಕೇಳಿದುದು ತಕ್ಕಮಟ್ಟಿಗೆ ಸರಿ. ಇಂಜಿನಿನಲ್ಲಿ ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಹೊಗೆಯ ಜೊತೆಗೆ ಕೊಳವೆಯಿಂದ ಹೊರಬಿದ್ದು ಹಾಳಾಗುತ್ತದೆ. ಆ ಬಿಸಿಹೊಗೆಯ ದಾರಿಯಲ್ಲಿ ಅಂಗೈಯಗಲದ ಒಂದು ಚಕ್ರವನ್ನು ಇಟ್ಟರೆ ಅದು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮಿಗಿಲಾಗಿ ತಿರುಗುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರವು ಹೊರಗಿನ ಗಾಳಿಯನ್ನು ಎಳೆದು ಸಿಲಿಂಡರಿನೊಳಕ್ಕೆ ಒತ್ತುತ್ತದೆ. ಗಾಳಿ ಹೆಚ್ಚಾದರೆ ಹೆಚ್ಚು ಇಂಧನವನ್ನು ಉರಿಸಬಹುದು. ಸಣ್ಣ ಇಂಜಿನು ದೊಡ್ಡದರ ಕೆಲಸ ಮಾಡುವುದು ಹೀಗೆ. ಇದನ್ನು ನೋಡಲು ಜಪಾನಿಗೆ ಹೋಗಬೇಕಾಗಿಲ್ಲ. ಹುಣಸಗಿಯಿಂದ ಭತ್ತ ಹೇರಿಕೊಂಡು ಏರು ಹತ್ತುವ ಇಂದಿನ ಯಾವ ಲಾರಿಯಲ್ಲಿಯೂ ಸಣ್ಣಗೆ ಸಿಳ್ಳೆ ಹಾಕಿದಂತೆ ಕೇಳಿಸುವುದು ಇದೇ ಚಕ್ರದ ಸದ್ದು.

ಆದರೆ ಪುಕ್ಕಟೆ ಎಂಬುದು ಪೂರ್ತಿ ನಿಜವಲ್ಲ. ಚಕ್ರವು ಅಡ್ಡವಿರುವುದರಿಂದ ಹೊಗೆಯನ್ನು ಹೊರದೂಡಲು ಪಿಸ್ಟನ್ನು ಸ್ವಲ್ಪ ಹೆಚ್ಚು ಶ್ರಮಿಸಬೇಕು. ಎರಡನೆಯದಾಗಿ, ಒತ್ತಿದ ಗಾಳಿ ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹಾಕಿದವರೆಲ್ಲರಿಗೂ ಪಂಪಿನ ಬುಡ ಸುಟ್ಟ ಅನುಭವವುಂಟು. 27 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು ಇಮ್ಮಡಿ ಒತ್ತಡಕ್ಕೆ ಥಟ್ಟನೆ ಒತ್ತಿದರೆ, ನಷ್ಟವೇನೂ ಇಲ್ಲವೆಂದಿಟ್ಟುಕೊಂಡರೂ, ಅದು 93 ಡಿಗ್ರಿಗೆ ಏರುತ್ತದೆ. ಹಾಗೆ ಕಾಯ್ದ ಗಾಳಿಯ ಸಾಂದ್ರತೆ ಇಮ್ಮಡಿಯಾಗದು. ಒಂದೂವರೆಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆದುದರಿಂದಲೇ ಇವೊಲ್ಯೂಷನ್ ಕಾರುಗಳ ಮುಖದಲ್ಲಿ ಜಾಲರಿಯಂತೆ ಕಾಣುವ ದೊಡ್ಡ ಗಾಳಿತಂಪುಕವಿರುವುದು. ಮೂರನೆಯದಾಗಿ, ಕುಂಬಾರನ ತಿಗರಿಯಂತೆ ಈ ಚಕ್ರಕ್ಕೂ ಜಡತ್ವವುಂಟು. ಚಾಲಕನು ಒತ್ತಿದ ಕ್ಷಣಕ್ಕೂ ಚಕ್ರವು ವೇಗಕ್ಕೆ ಬರುವ ಕ್ಷಣಕ್ಕೂ ನಡುವೆ ಒಂದು ಬಿಡುವು ಉಳಿಯುತ್ತದೆ. ಈ ಬಿಡುವನ್ನು ಕಡಮೆ ಮಾಡುವುದರಲ್ಲಿಯೇ ಹತ್ತಾರು ವರ್ಷ ಇಂಜಿನಿಯರುಗಳ ಬುದ್ಧಿ ವೆಚ್ಚವಾಗಿದೆ.

ಎರಡು ಕಾರುಗಳ ಇಂಜಿನುಗಳನ್ನು ಈಗ ಎದುರುಬದುರು ಇಡೋಣ. ಒಂಬತ್ತನೆಯದರಲ್ಲಿರುವುದು 4ಜಿ63 ಎಂಬ ಹೆಸರಿನದು. ಅದರ ವಂಶ 1980ರ ಸುಮಾರಿನದು. ನಾಲ್ಕು ಸಿಲಿಂಡರು, ವ್ಯಾಸ 85 ಮಿಲಿಮೀಟರು, ಪಿಸ್ಟನ್ನಿನ ಓಟ 88 ಮಿಲಿಮೀಟರು. ಹತ್ತನೆಯದರಲ್ಲಿರುವ 4ಬಿ11 ಇಂಜಿನಿನಲ್ಲಿ ವ್ಯಾಸವೂ ಓಟವೂ 86 ಮಿಲಿಮೀಟರೇ. ವಿದ್ಯಾರ್ಥಿಗಳು ಘನಗಾತ್ರವನ್ನು ಗುಣಿಸಿ ನೋಡಲಿ: ಒಂದು 1997 ಘನ ಸೆಂಟಿಮೀಟರು, ಇನ್ನೊಂದು 1998. ಗಾತ್ರದಲ್ಲಿ ಭೇದವಿಲ್ಲವೆಂದೇ ಹೇಳಬೇಕು. ಭೇದವಿರುವುದು ಮೈಯಲ್ಲಿ. ಹಳೆಯದರ ಒಡಲು ಎರಕದ ಕಬ್ಬಿಣ, ಹೊಸದರದು ಅಲ್ಯುಮಿನಿಯಂ. ಅಲ್ಯುಮಿನಿಯಂ ಹಗುರ, ಶಾಖವನ್ನು ಬೇಗ ಬಿಟ್ಟುಕೊಡುವಂಥದು. ಆದರೆ ಕಾಯ್ದಾಗ ಕಬ್ಬಿಣದ ಇಮ್ಮಡಿ ಹಿಗ್ಗುತ್ತದೆ, ಒತ್ತಡಕ್ಕೆ ಹೆಚ್ಚು ಬಾಗುತ್ತದೆ. ಹಳೆಯದರಲ್ಲಿ ಕವಾಟಗಳನ್ನು ಆಡಿಸುವುದು ರಬ್ಬರಿನ ಪಟ್ಟಿ. ಅದನ್ನು ಕಾಲಕಾಲಕ್ಕೆ ಬದಲಿಸದೆ ಮರೆತರೆ ಇಂಜಿನಿಗೆ ಗಂಡಾಂತರ. ಹೊಸದರಲ್ಲಿ ಸರಪಳಿ. ಹಳೆಯದರ ಟರ್ಬೊಚಾರ್ಜರ್ ಇಂಜಿನಿನ ಮುಂದುಗಡೆ, ಹೊಸದರಲ್ಲಿ ಹಿಂದುಗಡೆ.

ಸಂಗ್ರಾಹಕರ ಒಲವು ಒಂಬತ್ತನೆಯದರ ಕಡೆಗೆ. ಅವರ ಕಾರಣಗಳು ಹುರುಳಿಲ್ಲದವುಗಳಲ್ಲ. ಕಬ್ಬಿಣದ ಒಡಲು ಗಟ್ಟಿ. ಕೈಪಳಗಿದವರು ಆ ಇಂಜಿನಿನಿಂದ ಕಾರ್ಖಾನೆ ಗೊತ್ತುಮಾಡಿದುದರ ಇಮ್ಮಡಿ ಬಲವನ್ನು ತೆಗೆದುದುಂಟು. ಮಾಕಿನೆನ್ ಗೆದ್ದ ಇಂಜಿನಿನ ಕುಲದ ಕೊನೆಯ ಕುಡಿ ಅದು. ಹತ್ತನೆಯದಕ್ಕೆ ಆ ಪುಣ್ಯವಿಲ್ಲ. 2005ರ ಕೊನೆಗೆ ಮಿತ್ಸುಬಿಷಿ ವಿಶ್ವ ರ‍್ಯಾಲಿಯಿಂದ ಹಿಂದೆ ಸರಿದುದರಿಂದ, ಹತ್ತನೆಯದು ಕಾರ್ಖಾನೆಯ ತಂಡದ ಪರವಾಗಿ ಅಲ್ಲಿ ಒಮ್ಮೆಯೂ ಓಡಲಿಲ್ಲ. ಮೇಲಾಗಿ ಅದರ ಇಂಜಿನಿನ ಮೂಲ ವಿನ್ಯಾಸವನ್ನು ಮಿತ್ಸುಬಿಷಿ, ಕ್ರೈಸ್ಲರ್, ಹ್ಯುಂಡೈ ಮೂರೂ ಕೂಡಿ ರೂಪಿಸಿದುವೆಂಬ ಕಾರಣಕ್ಕೆ ಅದನ್ನು ಬೆರಕೆ ಎಂದು ಹೀಗಳೆಯುವವರೂ ಇದ್ದಾರೆ. ಈ ಕಡೆಯ ಮಾತು ನಮಗೆ ಹಿಡಿಸದು. ನ್ಯೂಟನ್ನನ ನಿಯಮಗಳು ಕುಲ ಕೇಳುವುದಿಲ್ಲ.

ಅಶ್ವಶಕ್ತಿಯನ್ನು ಹಿಡಿದು ವಾದಿಸುವವರಿಗೂ ಒಂದು ಮಾತು ಹೇಳಬೇಕು. ಜಪಾನಿನ ಕಾರು ತಯಾರಕರೊಳಗೆ ಒಂದು ಒಳ ಒಪ್ಪಂದವಿತ್ತು: 1989ರ ಸುಮಾರಿನಿಂದ 2004ರವರೆಗೆ ಯಾರೂ 280 ಅಶ್ವಶಕ್ತಿಗಿಂತ ಹೆಚ್ಚೆಂದು ಸಾರಕೂಡದು. 1996ರ ನಾಲ್ಕನೆಯ ಇವೊಲ್ಯೂಷನ್ನಿನ ಪತ್ರದಲ್ಲಿಯೂ 280, 2005ರ ಒಂಬತ್ತನೆಯದರ ಪತ್ರದಲ್ಲಿಯೂ 280. ಹಾಗಾದರೆ ಒಂಬತ್ತು ವರ್ಷ ಇಂಜಿನಿಯರುಗಳು ನಿದ್ರಿಸುತ್ತಿದ್ದರೆ? ಇಲ್ಲ. ಟಾರ್ಕನ್ನು ನೋಡಿರಿ: ನಾಲ್ಕನೆಯದರಲ್ಲಿ 353 ನ್ಯೂಟನ್ ಮೀಟರು, ಒಂಬತ್ತನೆಯದರಲ್ಲಿ 400. ಶಿಖರದ ಎತ್ತರ ಬೆಳೆಯಲಿಲ್ಲ, ಬೆಟ್ಟ ಅಗಲವಾಯಿತು. ಟಾರ್ಕನ್ನು ಕೋನವೇಗದಿಂದ ಗುಣಿಸಿದರೆ ಸಾಮರ್ಥ್ಯ ಬರುತ್ತದೆಂಬುದು ಪದವಿಪೂರ್ವ ತರಗತಿಯ ಪಾಠ. ನಿಮಿಷಕ್ಕೆ 3000 ಸುತ್ತಿನಲ್ಲಿ 400 ನ್ಯೂಟನ್ ಮೀಟರೆಂದರೆ 126 ಕಿಲೋವಾಟು, ಅಂದರೆ ಸುಮಾರು 171 ಅಶ್ವಶಕ್ತಿ. ರಸ್ತೆಯ ಮೇಲೆ ಚಾಲಕನಿಗೆ ದಿನವೂ ಸಿಗುವುದು ಇದು. 280 ಸಿಗುವುದು ಇಂಜಿನು 6500 ಸುತ್ತಿನಲ್ಲಿ ಅರಚುವಾಗ ಮಾತ್ರ.

ಹತ್ತನೆಯದು ಮೊದಲು 280 ಎಂದೇ ಬಂದು, ಮರುವರ್ಷವೇ 300ಕ್ಕೆ ಏರಿತು, ಟಾರ್ಕು 422. ಅದರ ಅಭಿಮಾನಿಗಳು ಇದನ್ನೇ ಎತ್ತಿ ಆಡುವರು. ತೂಕವನ್ನು ಮರೆಯುವರು. ಜಪಾನಿನಲ್ಲಿ ಮಾರಿದ ಸಾಮಾನ್ಯ ರೂಪವನ್ನು ತೆಗೆದುಕೊಂಡರೆ ಒಂಬತ್ತನೆಯದು 1410 ಕಿಲೋಗ್ರಾಂ, ಹತ್ತನೆಯದು 1520. ಇಂಜಿನಿನಲ್ಲಿ ಹನ್ನೆರಡು ಕಿಲೋಗ್ರಾಂ ಉಳಿಸಿ, ದೊಡ್ಡ ಒಡಲು, ಗಟ್ಟಿ ಚೌಕಟ್ಟು, ಅಪಘಾತದ ರಕ್ಷಣೆ ಎಂದು ಅದರ ಎಷ್ಟೋ ಪಟ್ಟು ಹೇರಿದರು. ಬಲ ನೂರಕ್ಕೆ ಏಳರಷ್ಟು ಏರಿತು, ತೂಕ ನೂರಕ್ಕೆ ಎಂಟರ ಹತ್ತಿರ ಏರಿತು. ಕಿಲೋಗ್ರಾಮಿಗೆ ಬೀಳುವ ಬಲ ಎರಡರಲ್ಲಿಯೂ ಒಂದೇ! ಗಂಟೆಗೆ ನೂರು ಕಿಲೋಮೀಟರು ವೇಗದಿಂದ ನಿಲ್ಲಿಸುವಾಗ ಹೊಸದರ ತಡೆಗಳು 42 ಕಿಲೋಜೂಲುಗಳಷ್ಟು ಹೆಚ್ಚು ಶಾಖವನ್ನು ನುಂಗಬೇಕು. ಇಷ್ಟರವರೆಗೆ ಲೆಕ್ಕ ಹಾಕಿದವನು, ಸಂಗ್ರಾಹಕರು ಹೇಳಿದುದೇ ಸರಿ, ಒಂಬತ್ತನೆಯದೇ ಇರಲಿ ಎನ್ನುವನು. ನಾವೂ ಒಮ್ಮೆ ಹಾಗೆಯೇ ಅಂದುಕೊಂಡೆವು.

ಆದರೆ ಹತ್ತನೆಯದರ ಜೀವ ಇಂಜಿನಿನಲ್ಲಿಲ್ಲ, ಚಕ್ರಗಳಿಗೆ ಬಲವನ್ನು ಹಂಚುವ ರೀತಿಯಲ್ಲಿದೆ. ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರು ಹೊಡೆಯುವವನನ್ನು ನಮ್ಮ ಕಡೆಯ ವಿದ್ಯಾರ್ಥಿಗಳು ನೋಡಿಯೇ ಇರುತ್ತಾರೆ. ಬದುವಿನ ಬಳಿ ಹೊರಳಬೇಕಾದಾಗ ಅವನು ಸ್ಟೀರಿಂಗನ್ನು ತಿರುವುವುದರ ಜೊತೆಗೆ ಒಳಮಗ್ಗುಲಿನ ಹಿಂಚಕ್ರದ ಬ್ರೇಕನ್ನು ಮಾತ್ರ ಒತ್ತುತ್ತಾನೆ. ಅದಕ್ಕೆಂದೇ ಎಡಬಲಗಳಿಗೆ ಬೇರೆ ಬೇರೆ ಬ್ರೇಕುಗಳು. ಒಂದು ಚಕ್ರ ನಿಂತು ಇನ್ನೊಂದು ದೂಡುವುದರಿಂದ ಟ್ರ್ಯಾಕ್ಟರು ನಿಂತಲ್ಲಿಯೇ ಬುಗುರಿಯಂತೆ ತಿರುಗುತ್ತದೆ. ಇದೇ ತತ್ತ್ವವನ್ನು ಮಿತ್ಸುಬಿಷಿಯವರು ತಲೆಕೆಳಗು ಮಾಡಿದರು. ಒಳಚಕ್ರವನ್ನು ತಡೆಯುವುದಕ್ಕೆ ಬದಲಾಗಿ ಹೊರಚಕ್ರಕ್ಕೆ ಹೆಚ್ಚು ದೂಡುವ ಬಲವನ್ನು ಕೊಟ್ಟರೆ ವೇಗ ಕಳೆದುಕೊಳ್ಳದೆಯೇ ಕಾರು ತಿರುವಿನೊಳಕ್ಕೆ ಹೊರಳುತ್ತದೆ. 1996ರ ನಾಲ್ಕನೆಯ ಆವೃತ್ತಿಯಲ್ಲಿ ಇದು ಮೊಳೆಯಿತು. 2001ರ ಏಳನೆಯದರಲ್ಲಿ ಮುಂದಿನ ಹಿಂದಿನ ಅಚ್ಚುಗಳ ನಡುವಣ ಹಂಚಿಕೆಯೂ ವಿದ್ಯುನ್ಮಾನದ ಅಧೀನವಾಯಿತು.

ಹತ್ತನೆಯದರಲ್ಲಿ ಇವೆರಡೂ, ನಾಲ್ಕು ಚಕ್ರಗಳ ಬ್ರೇಕುಗಳೂ ಒಂದೇ ಆಡಳಿತದ ಕೆಳಗೆ ಬಂದುವು. ಹಳೆಯವು ಚಾಲಕನು ಏನು ಬಯಸಿದನೆಂಬುದನ್ನು ಊಹಿಸಿ ಬಲ ಹಂಚುತ್ತಿದ್ದುವು. ಹೊಸದು ಕಾರು ನಿಜವಾಗಿ ಎಷ್ಟು ಹೊರಳಿತೆಂಬುದನ್ನು ಅಳೆದು, ಬಯಕೆಗೂ ವಾಸ್ತವಕ್ಕೂ ಇರುವ ಅಂತರವನ್ನು ಕ್ಷಣಕ್ಷಣಕ್ಕೂ ತಿದ್ದುತ್ತದೆ. ಎಡವಿದವನು ಬೀಳುವ ಮೊದಲೇ ಮೈಯನ್ನು ಸರಿಪಡಿಸಿಕೊಳ್ಳುವಂತೆ. ಎರಡು ಕ್ಲಚ್ಚುಗಳುಳ್ಳ ಗೇರುಪೆಟ್ಟಿಗೆಯೂ ಕೆಲವು ಕಾರುಗಳಲ್ಲಿ ಬಂದಿತು. ಅದರ ಪ್ರಸ್ತಾಪ ಇಲ್ಲಿ ಬೇಡ. ಮುಖ್ಯವಾದುದು ಇದು: ಹತ್ತನೆಯ ಕಾರಿನಲ್ಲಿ ಅತ್ಯಂತ ಬೆಲೆಯುಳ್ಳ ಭಾಗವನ್ನು ಕೈಯಿಂದ ಮುಟ್ಟಲಾಗದು. ಅದು ಒಂದು ಕ್ರಮವಿಧಿ, ಕಂಪ್ಯೂಟರಿನ ಸ್ಮೃತಿಯಲ್ಲಿ ಬರೆದಿಟ್ಟ ಪ್ರೋಗ್ರಾಂ.

ಅದನ್ನು ಬರೆದಿರುವುದು ಎಲ್ಲಿ? ಸಿಲಿಕಾನ್ ಚಿಪ್ಪಿನೊಳಗೆ, ಮಿಲಿಮೀಟರಿನ ಒಂದು ಲಕ್ಷದ ಒಂದು ಭಾಗದಷ್ಟು ತೆಳುವಾದ ಗಾಜಿನಂಥ ಪದರದ ಆಚೆ ಕೂಡಿಹಾಕಿದ ಎಲೆಕ್ಟ್ರಾನುಗಳ ರೂಪದಲ್ಲಿ. ಒಂದು ಕೋಶದಲ್ಲಿ ಎಲೆಕ್ಟ್ರಾನುಗಳಿದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ವಿದ್ಯುತ್ ಇಲ್ಲದಿದ್ದರೂ ಅವು ಅಲ್ಲಿಯೇ ಇರುತ್ತವೆ. ಆದರೆ ಶಾಶ್ವತವಾಗಿ ಅಲ್ಲ. ಮಣ್ಣಿನ ಕೊಡದಿಂದ ನೀರು ಜಿನುಗುವಂತೆ ಅವೂ ಒಂದೊಂದಾಗಿ ಸೋರುತ್ತವೆ. ಶಾಖ ಹೆಚ್ಚಿದಷ್ಟೂ ಬೇಗ. ಇಂಥ ಚಿಪ್ಪುಗಳನ್ನು ಮಾಡುವವರು ಬರೆದುದು ಉಳಿಯುವುದೆಂದು ಸಾಮಾನ್ಯವಾಗಿ ಕೊಡುವ ಭರವಸೆ ಹತ್ತರಿಂದ ಇಪ್ಪತ್ತು ವರ್ಷ. ಅವಧಿ ಮುಗಿದ ಮರುದಿನವೇ ಅಳಿಸಿಹೋಗುವುದೆಂದಲ್ಲ. ಆದರೆ ಆಮೇಲೆ ಕೇಳುವವರಿಲ್ಲ. ಅದೇ ಹಲಗೆಯ ಮೇಲಿರುವ ಎಲೆಕ್ಟ್ರೊಲೈಟಿಕ್ ಕೆಪಾಸಿಟರುಗಳ ಕಥೆಯೂ ಹೀಗೆಯೆ. ಶಾಖ ಹತ್ತು ಡಿಗ್ರಿ ಏರಿದರೆ ಅವುಗಳ ಆಯುಸ್ಸು ಅರ್ಧವಾಗುತ್ತದೆಂಬುದು ರೂಢಿಯ ಲೆಕ್ಕ.

ಭಾರತ ಸರ್ಕಾರವು 2021ರಲ್ಲಿ ಹಳೆಯ ವಾಹನಗಳಿಗಾಗಿ ಒಂದು ನಿಯಮ ಮಾಡಿತು. ಮೊದಲು ನೋಂದಣಿಯಾದ ದಿನದಿಂದ ಐವತ್ತು ವರ್ಷ ಕಳೆದ, ಮೂಲರೂಪ ಕೆಡದ ಮೋಟಾರನ್ನು ‘ವಿಂಟೇಜ್’ ಎಂದು ಮನ್ನಿಸಿ ವಿಶೇಷ ಸಂಖ್ಯೆ ಕೊಡುವರು. ಈ ಲೆಕ್ಕದಿಂದ 2010ರಲ್ಲಿ ನಮ್ಮ ದೇಶದಲ್ಲಿ ನೋಂದಣಿಯಾದ ಹತ್ತನೆಯ ಇವೊಲ್ಯೂಷನ್ 2060ಕ್ಕೆ ಆ ಗೌರವ ಪಡೆಯಬೇಕು. ಅಷ್ಟು ಹೊತ್ತಿಗೆ ಇಪ್ಪತ್ತು ವರ್ಷದ ಭರವಸೆ ಮುಗಿದು ಮೂವತ್ತು ವರ್ಷವಾಗಿರುತ್ತದೆ! ಬಣ್ಣ ಹೊಳೆಯುತ್ತಿರಬಹುದು, ತೊಗಲಿನ ಆಸನ ಮೆತ್ತಗಿರಬಹುದು. ಬುದ್ಧಿ ಮಾತ್ರ ಅಳಿಸಿಹೋಗಿರುತ್ತದೆ.

ಒಂಬತ್ತನೆಯದರಲ್ಲಿ ಕಂಪ್ಯೂಟರು ಇಲ್ಲವೆ ಎಂದು ಕೇಳುವವರಿಗೆ: ಉಂಟು. 1990ರ ದಶಕದ ಮಿತ್ಸುಬಿಷಿ ಕಾರುಗಳ ಕಂಪ್ಯೂಟರಿನಲ್ಲಿ ಕೆಪಾಸಿಟರು ಸೋರಿ ಹಲಗೆಯನ್ನೇ ತಿಂದ ಸಂಗತಿ ಮಾಲೀಕರೆಲ್ಲರಿಗೂ ಗೊತ್ತು. ಆದರೆ ಹಳೆಯದರಲ್ಲಿ ಕಂಪ್ಯೂಟರು ಸೇವಕ. ಅದು ಹೋದರೆ ಬೇರೊಂದನ್ನು ಇಟ್ಟು, ಇಂಧನವೆಷ್ಟು, ಕಿಡಿಯೆಂದು ಎಂದು ಹೇಳಿಕೊಟ್ಟು ಓಡಿಸಬಹುದು. ಓಡಿದಾಗ ಅದು ಒಂಬತ್ತನೆಯದೇ. ಹತ್ತನೆಯದರಲ್ಲಿ ಹಲವು ಕಂಪ್ಯೂಟರುಗಳು ಒಂದರೊಡನೊಂದು ಮಾತನಾಡುತ್ತ ಕಾರನ್ನು ನಡೆಸುತ್ತವೆ. ಅವುಗಳನ್ನು ಕಿತ್ತು ಬೇರೆಯದನ್ನು ಇಟ್ಟರೆ ಕಾರು ಓಡೀತು, ಆದರೆ ಅದು ಹತ್ತನೆಯದಾಗಿ ಉಳಿಯಲಾರದು.

ಈ ಭೇದವನ್ನು ನಮಗೆ ಮೊದಲು ತಿಳಿಸಿದವರು ಯಾವ ಗ್ರಂಥಕರ್ತರೂ ಅಲ್ಲ, ಶಹಾಪುರದ ಕಡೆ ಲಾರಿಗಳನ್ನು ರಿಪೇರಿ ಮಾಡುವ ಒಬ್ಬ ಹಿರಿಯ ಮಿಸ್ತ್ರಿ. “ಕಬ್ಬಣ ಇದ್ರ ಮಾಡಬಹುದ್ರಿ ಸರ್,” ಎಂದರು ಅವರು. “ಸವೆದಿದ್ರ ತುಂಬತೀವಿ, ಒಡೆದಿದ್ರ ಬೆಸೀತೀವಿ. ಈ ಡಬ್ಬಿ ಸತ್ರ ನಾವೇನ್ ಮಾಡೋಣ್ರಿ? ಹೊಸಾದು ಬರೂತನ ಕುಂದ್ರಬೇಕು.” ಡಬ್ಬಿ ಎಂದು ಅವರು ಕರೆದುದು ಇಂಜಿನಿನ ಕಂಪ್ಯೂಟರನ್ನು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರವರೆಗೆ ಮಾಡಿದ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳು ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದರೂ ಹೊಗೆ ಕಾರುತ್ತ ಓಡುತ್ತಿರುವುದು ಈ ಮಿಸ್ತ್ರಿಯಂಥವರ ಕೈಯಿಂದ. ಅವುಗಳಲ್ಲಿ ಲೇತಿನ ಮೇಲೆ ಕಡೆಯಲಾಗದ ಭಾಗ ಕಡಮೆ. ಕಬ್ಬಿಣದ ಇಂಜಿನಿನ ಒಂಬತ್ತನೆಯ ಇವೊಲ್ಯೂಷನ್ನಿಗೂ ಇದೇ ಭಾಗ್ಯ. ಬೆಲೆ ಏರಿದಷ್ಟೂ ಅದರ ಭಾಗಗಳನ್ನು ಮಾಡಿಕೊಡುವವರು ಹುಟ್ಟಿಕೊಳ್ಳುವರು. ಆದುದರಿಂದ ಅದನ್ನು ಯಾರಾದರೂ ಕಾಪಾಡಲೇಬೇಕೆಂಬ ಆತುರ ನಮಗಿಲ್ಲ; ಅದು ಉಳಿದೇ ಉಳಿಯುವುದು.

ಸಂಗ್ರಾಹಕರ ಬುದ್ಧಿ ಎತ್ತ ಹರಿಯುವುದೆಂಬುದಕ್ಕೆ ಕರ್ನಾಟಕದಲ್ಲಿಯೇ ಒಂದು ಉದಾಹರಣೆಯಿದೆ. ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆಯು 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಕೈಗಡಿಯಾರಗಳನ್ನು ಮಾಡತೊಡಗಿತು. 2016ರಲ್ಲಿ ಎಚ್.ಎಂ.ಟಿ. ಗಡಿಯಾರಗಳ ಸಂಸ್ಥೆಯನ್ನು ಮುಚ್ಚುವ ತೀರ್ಮಾನವಾದ ಮೇಲೆ ಜನ ಹುಡುಕಿಕೊಂಡು ಹೋದುದು ಕೀಲಿ ಕೊಡುವ ‘ಜನತಾ’, ‘ಪೈಲಟ್’ ಗಡಿಯಾರಗಳನ್ನು. ಅದೇ ಕಾರ್ಖಾನೆಯ ಕ್ವಾರ್ಟ್ಜ್ ಗಡಿಯಾರಗಳನ್ನು ಕೇಳುವವರು ವಿರಳ. ಸಮಯವನ್ನು ಹೆಚ್ಚು ನಿಖರವಾಗಿ ಹೇಳುತ್ತಿದ್ದುವು ಅವೇ! ಕೀಲಿಗಡಿಯಾರದ ಹಲ್ಲಿನ ಗಾಲಿಗಳು ಕಣ್ಣಿಗೆ ಕಾಣುತ್ತವೆ, ಕಿವಿಗೆ ಕೇಳಿಸುತ್ತವೆ. ಕ್ವಾರ್ಟ್ಜಿನ ಕಂಪನ ಕಾಣದು. ಕಾಣುವುದನ್ನು ಪ್ರೀತಿಸುವುದು ತಪ್ಪಲ್ಲ. ಕಾಣದುದನ್ನು ಕಸಕ್ಕೆ ಹಾಕುವುದು ತಪ್ಪು.

ಹತ್ತನೆಯ ಇವೊಲ್ಯೂಷನ್ನನ್ನು ಕೊಂಡಿಟ್ಟವರು ಮಾಡಬೇಕಾದುದು ಕಷ್ಟದ ಕೆಲಸವೇನಲ್ಲ. ಕಂಪ್ಯೂಟರುಗಳೊಳಗಿನ ಪ್ರೋಗ್ರಾಮನ್ನು ಓದಿ ತೆಗೆದು ಎರಡು ಮೂರು ಕಡೆ ಪ್ರತಿ ಇಡಬೇಕು. ಹತ್ತು ಹದಿನೈದು ವರ್ಷಕ್ಕೊಮ್ಮೆ ಅದನ್ನೇ ಮತ್ತೆ ಚಿಪ್ಪಿಗೆ ಬರೆದರೆ ಸೋರಿದ ಎಲೆಕ್ಟ್ರಾನುಗಳು ತುಂಬಿಕೊಂಡು ಲೆಕ್ಕ ಹೊಸದಾಗಿ ಆರಂಭವಾಗುತ್ತದೆ. ಕಾರಿನ ದೋಷಗಳನ್ನು ಓದುವ ಕಾರ್ಖಾನೆಯ ಉಪಕರಣವನ್ನೂ, ಅದು ಓಡುವ ಹಳೆಯ ಕಂಪ್ಯೂಟರನ್ನೂ ಕಾರಿನ ಜೊತೆಗೇ ಇಡಬೇಕು. ಬಲ ಹಂಚುವ ಯಂತ್ರಕ್ಕೆ ಎಣ್ಣೆ ಒತ್ತುವ ಪಂಪು ಕೆಸರುನೀರಿಗೆ ಸಿಕ್ಕಿ ತುಕ್ಕು ಹಿಡಿಯುವುದು ಪ್ರಸಿದ್ಧ, ಅದನ್ನು ಕಾಯಬೇಕು. ಇಷ್ಟರ ಮೇಲೆ ಕಾರನ್ನು ಆಗಾಗ ತಿರುವುಗಳುಳ್ಳ ದಾರಿಯಲ್ಲಿ ಓಡಿಸಿ, ಪ್ರತಿ ಚಕ್ರಕ್ಕೆ ಯಾವಾಗ ಎಷ್ಟು ಬಲ ಹೋಯಿತೆಂಬುದನ್ನು ದಾಖಲಿಸಿಡಬೇಕು. ಕಾರು ಸತ್ತಮೇಲೂ ಅದು ಹೇಗೆ ಯೋಚಿಸುತ್ತಿತ್ತೆಂಬುದು ಆ ದಾಖಲೆಯಿಂದ ತಿಳಿಯುತ್ತದೆ. 2015ರ ಸುಮಾರಿಗೆ ಕೊನೆಯ ಆವೃತ್ತಿಯೆಂದು ಜಪಾನಿನಲ್ಲಿ 1000, ಅಮೆರಿಕದಲ್ಲಿ 1600 ಕಾರುಗಳನ್ನು ಸಂಖ್ಯೆಯೊತ್ತಿ ಮಾರಿದರು. ಅವುಗಳಲ್ಲಿ ಎಷ್ಟೋ ಕಾರುಗಳು ಓಡದೆ, ಬಟ್ಟೆ ಹೊದ್ದು ಬೆಲೆ ಏರುವುದನ್ನು ಕಾಯುತ್ತಿವೆ. ಮೀಟರಿನಲ್ಲಿ ಕಿಲೋಮೀಟರು ಕಡಮೆಯಿದ್ದಷ್ಟೂ ಬೆಲೆ ಹೆಚ್ಚೆಂಬುದು ಸಂಗ್ರಾಹಕರ ಗಣಿತ. ಎಲೆಕ್ಟ್ರಾನುಗಳಿಗೆ ಈ ಗಣಿತ ತಿಳಿಯದು. ನಿಂತ ಕಾರಿನಲ್ಲಿಯೂ ಅವು ಸೋರುತ್ತವೆ.

ನಮ್ಮ ರಾಜ್ಯದಲ್ಲಿ ಹಳೆಯ ಕಾರುಗಳನ್ನು ಸಾರ್ವಜನಿಕರು ನೋಡುವಂತೆ ಇಟ್ಟಿರುವ ಒಳ್ಳೆಯ ಸಂಗ್ರಹಗಳಿವೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಕಾರುಗಳನ್ನು ಯಾತ್ರೆಗೆ ಹೋದ ವಾಚಕರು ನೋಡಿರಬಹುದು. 2023ರಲ್ಲಿ ಶ್ರೀರಂಗಪಟ್ಟಣದ ಬಳಿ ‘ಪಯಣ’ ಎಂಬ ಕಾರು ಸಂಗ್ರಹಾಲಯವೂ ತೆರೆಯಿತು. ಹಿತ್ತಾಳೆಯ ದೀಪ, ಕಡ್ಡಿಚಕ್ರಗಳ ಕಾಲದ ಮೋಟಾರನ್ನು ಹೀಗೆ ಇಟ್ಟು ತೋರಿಸಿದರೆ ಸಾಕು, ಅದು ತನ್ನ ಕಥೆಯನ್ನು ತಾನೇ ಹೇಳುತ್ತದೆ. ನಮ್ಮ ಕಾಲದ ವಾಹನಗಳನ್ನು ಕೂಡಿಡುವ ದಿನ ಬಂದಾಗ ಈ ಪದ್ಧತಿ ಸಾಲದು. ಪ್ರೋಗ್ರಾಮನ್ನು ಓದಬಲ್ಲವರು, ಕೆಪಾಸಿಟರು ಬದಲಿಸಬಲ್ಲವರು ಅಲ್ಲಿ ಇರಬೇಕು. ಅದು ನಮ್ಮ ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳ ಹುಡುಗರಿಗೆ ಮಾಡಬಹುದಾದ ಕೆಲಸ.

ಐಶ್ವರ್ಯವಂತರ ಆಟದ ಸಾಮಾನಿನ ಚಿಂತೆ ಯಾದಗಿರಿ ಜಿಲ್ಲೆಯ ವಿದ್ಯಾರ್ಥಿಗಳಿಗೇಕೆ ಎಂದು ನಮ್ಮ ಸಹೋದ್ಯೋಗಿಯೊಬ್ಬರು ಈ ಲೇಖನದ ಕರಡನ್ನು ನೋಡಿ ಕೇಳಿದರು. ಕೇಳತಕ್ಕ ಪ್ರಶ್ನೆಯೇ. ಆದರೆ ಐವತ್ತು ಅಶ್ವಶಕ್ತಿಗೆ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಗೆಯ ಹೊಸ ನಿಯಮ ಬಂದಿದೆ. ಅದನ್ನು ಪಾಲಿಸಲು ಅವುಗಳಲ್ಲಿಯೂ ಡಬ್ಬಿ ಕುಳಿತಿದೆ. ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆಯುವ ಗದ್ದೆಗಳಲ್ಲಿ ನಾಳೆ ಉಳುವುದು ಇವೇ. ಜಪಾನಿನ ಕಾರಿಗೆ ಇಂದು ಬಂದಿರುವ ಕಾಯಿಲೆ ನಮ್ಮ ಹೊಲಕ್ಕೆ ಇನ್ನು ಹದಿನೈದು ವರ್ಷಕ್ಕೆ ಬರುವುದು. ಅಷ್ಟರೊಳಗೆ ಅದರ ಲಕ್ಷಣವನ್ನು ಕಲಿತುಕೊಳ್ಳುವುದು ನಷ್ಟದ ವ್ಯವಹಾರವಲ್ಲ.

ಹುಡುಗನಿಗೆ ನಾವು ಕೊಟ್ಟ ಉತ್ತರ ಹೀಗೆ: ಓಡಿಸುವ ಸುಖಕ್ಕೆ ಒಂಬತ್ತನೆಯದು ಛಲೋ ಇದ್ದೀತು, ಕಾಪಾಡಬೇಕಾದುದು ಹತ್ತನೆಯದು. ಅವನು ಒಪ್ಪಲಿಲ್ಲ. ಆಟದಲ್ಲಿ ಒಂಬತ್ತನೆಯದೇ ಗೆಲ್ಲುತ್ತದೆಂದನು. ಆದರೂ ಮಿಸ್ತ್ರಿಯವರು ಎಸೆಯಲಿದ್ದ ಲಾರಿಯ ಒಂದು ಸತ್ತ ಡಬ್ಬಿಯನ್ನು ತಾನೇ ಹೋಗಿ ಕೇಳಿ ತಂದನು. ಪ್ರಯೋಗಶಾಲೆಯಲ್ಲಿ ಅದರ ಮುಚ್ಚಳ ಬಿಚ್ಚಿದಾಗ ಎರಡು ಕೆಪಾಸಿಟರುಗಳ ತಲೆ ಉಬ್ಬಿರುವುದು ಎಲ್ಲರಿಗೂ ಕಾಣಿಸಿತು. ಅಂಥವೇ ಎರಡನ್ನು ಕಲಬುರಗಿಯಿಂದ ತರಿಸಲು ಹೇಳಿದ್ದೇವೆ. ಬೆಸುಗೆ ಹಾಕುವವನು ಅವನೇ.